ಭಟ್ಕಳದಲ್ಲಿ ಯಾಕೆ ಇಳಿಯುವುದಿಲ್ಲ?

ನಮ್ಮ ಚಾಮರಾಜಪೇಟೆಯ ಕಡೆ ಈಗ ಉಮ್ರಾಕ್ಕೆ ಹೋದವರು ಉಮ್ರಾ ಮುಗಿಸಿ ನೇರವಾಗಿ ಮನೆಗೆ ಬರುವುದು ಕಡಿಮೆಯಾಗಿದೆ. ಬರುವ ದಾರಿಯಲ್ಲಿ ಇಸ್ತಾಂಬುಲನ್ನೋ ಕೈರೋವನ್ನೋ ನೋಡಿಕೊಂಡು ಬರುತ್ತಾರೆ. ಇನ್ನೂ ಸ್ವಲ್ಪ ಕೈಯಲ್ಲಿ ಕಾಸಿದ್ದವರು ಮೆಡಿಟರೇನಿಯನ್ ಸಮುದ್ರದ ದಡದ ಅಲೆಕ್ಸಾಂಡ್ರಿಯಾ, ಅಂತಾಲ್ಯಾ ಎಂದು ಮುಂದುವರಿಯುತ್ತಾರೆ. ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲೂ ಇದೇ ಕತೆ. ಮಗನೋ ಮಗಳೋ ವಿದೇಶದಲ್ಲಿದ್ದರೆ ನಿವೃತ್ತರಾದ ತಂದೆ ತಾಯಿ ಯೂರೋಪ್ ಪ್ರವಾಸ ಮುಗಿಸಿ ಬಾರ್ಸಿಲೋನಾದ ಬಗ್ಗೆ, ನೇಪಲ್ಸಿನ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಹಳೆಯ ಬಂದರು, ಕಲ್ಲು ಹಾಸಿದ ಕಿರುಬೀದಿಗಳು, ಒಂದೇ ಬೀದಿಯಲ್ಲಿ ಚರ್ಚು, ಮಸೀದಿ, ಯಹೂದಿಗಳ ಮಂದಿರ. "ಎಷ್ಟು ಜನ ಬಂದು ಹೋದ ಊರು ನೋಡಿ, ಎಲ್ಲವನ್ನೂ ಹೇಗೆ ಕಾಪಾಡಿಕೊಂಡಿದ್ದಾರೆ ನೋಡಿ" ಎಂಬ ಉದ್ಗಾರ ಮೊಹಲ್ಲಾದಲ್ಲೂ ಕೇಳುತ್ತದೆ, ಅಗ್ರಹಾರದಲ್ಲೂ ಕೇಳುತ್ತದೆ.

ಹೋಗಿಬರಲಿ. ನಮ್ಮ ತಕರಾರು ಅದರ ಬಗ್ಗೆ ಅಲ್ಲ. ಭೂಮಿಯ ಮೇಲೆ ಸಂಚರಿಸಿ, ಹಿಂದಿನವರು ಏನಾಗಿ ಹೋದರೆಂದು ಕಣ್ಣಾರೆ ನೋಡಿ ಎಂದು ಕುರ್‌ಆನ್ ಒಂದಲ್ಲ, ಹಲವು ಕಡೆ ಹೇಳಿದೆ. ಶಿವರಾಮ ಕಾರಂತರು ಯೂರೋಪ್ ಸುತ್ತಿ ಬಂದು 'ಅಪೂರ್ವ ಪಶ್ಚಿಮ' ಬರೆದರು. ಆದರೆ ಅದೇ ಕಾರಂತರು ನಮ್ಮದೇ ನೆಲವನ್ನು ಸುತ್ತಿ 'ಅಬೂವಿನಿಂದ ಬರಾಮಕ್ಕೆ'ಯನ್ನೂ ಬರೆದರು. ನಮ್ಮ ಪ್ರಶ್ನೆ ಇರುವುದು ಈ ಎರಡನೆಯ ಪ್ರವಾಸದ ಬಗ್ಗೆ. ಮೆಡಿಟರೇನಿಯನ್ ದಡದಲ್ಲಿ ಇಷ್ಟೊಂದು ಉದಾರವಾಗಿ ಅರಳುವ ನಮ್ಮ ಕಣ್ಣು, ಅರಬ್ಬಿ ಸಮುದ್ರದ ದಡದಲ್ಲಿರುವ ನಮ್ಮದೇ ಊರು ಬಂದಾಗ ಯಾಕೆ ಮುಚ್ಚಿಕೊಳ್ಳುತ್ತದೆ?

ಆ ಊರು ಭಟ್ಕಳ.

ಬೆಂಗಳೂರಿನಿಂದ ಕರಾವಳಿ ಪ್ರವಾಸಕ್ಕೆ ಹೊರಡುವ ಬಸ್ಸುಗಳ ದಾರಿಯನ್ನು ಗಮನಿಸಿ. ಕೊಲ್ಲೂರು, ಮುರ್ಡೇಶ್ವರ, ಇಡಗುಂಜಿ, ಗೋಕರ್ಣ. ಕೊಲ್ಲೂರು ಮುಗಿಸಿ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೊರಟ ಬಸ್ಸು ಭಟ್ಕಳದ ಮೇಲೆಯೇ ಹೋಗಬೇಕು, ಬೇರೆ ದಾರಿ ಇಲ್ಲ. ಆದರೆ ಅಲ್ಲಿ ಯಾರೂ ಇಳಿಯುವುದಿಲ್ಲ. ಹೆಚ್ಚೆಂದರೆ ಕಿಟಕಿಯಾಚೆ ಬೆರಳು ತೋರಿಸಿ, "ಇದೇನಾ ಭಟ್ಕಳ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಮುರ್ಡೇಶ್ವರ ಬರುತ್ತದೆ. ಅಲ್ಲಿ ಇಳಿಯುತ್ತಾರೆ, ಸಮುದ್ರಸ್ನಾನ ಮಾಡುತ್ತಾರೆ, ಬೃಹತ್ ಶಿವನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತಾವು ನಿಂತಿರುವ ಮುರ್ಡೇಶ್ವರ ಕೂಡ ಭಟ್ಕಳ ತಾಲೂಕಿನದೇ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಭಟ್ಕಳಕ್ಕೆ ಹೋದೆವೆಂದು ಗೊತ್ತಾಗದೆಯೇ ಭಟ್ಕಳಕ್ಕೆ ಹೋಗಿಬಂದವರು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಇದ್ದಾರು.

ಇದಕ್ಕೆ ಬಸವನಗುಡಿಯವರನ್ನಷ್ಟೇ ದೂರಿದರೆ ನಮ್ಮ ಮಾತಿಗೆ ಅರ್ಥವಿಲ್ಲ. ನಮ್ಮವರ ಕತೆ ಏನು? ಅಂದಲೂಸಿನ ಹೆಸರೆತ್ತಿದರೆ ಸಾಕು, ಉರ್ದು ಮೀಡಿಯಂನಲ್ಲಿ ಓದಿದ ನಮ್ಮವರ ಕಣ್ಣು ಒದ್ದೆಯಾಗುತ್ತದೆ. ಕುರ್ತುಬಾ ಮಸೀದಿಯ ಮೇಲೆ ಇಕ್ಬಾಲರು ಬರೆದ ನಜ್ಮ್ ಎಷ್ಟೋ ಜನರಿಗೆ ಬಾಯಿಪಾಠ. ಐನೂರು ವರ್ಷಗಳ ಹಿಂದೆ ಕೈತಪ್ಪಿದ ಸ್ಪೇನಿಗೆ ಅಳಲು ನಮ್ಮಲ್ಲಿ ಕಣ್ಣೀರಿದೆ. ಆದರೆ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ, ಇನ್ನೂ ಕೈತಪ್ಪದೆ, ಜೀವಂತವಾಗಿ ಉಸಿರಾಡುತ್ತಿರುವ ಒಂದು ಹಳೆಯ ಬಂದರು ಪಟ್ಟಣವನ್ನು ನೋಡಲು ಪುರಸೊತ್ತಿಲ್ಲ. ಕಳೆದುಕೊಂಡದ್ದನ್ನು ಮಾತ್ರ ಪ್ರೀತಿಸುವುದು ಒಂದು ಬಗೆಯ ಸೋಮಾರಿತನ. ಸತ್ತ ಊರಿನ ಬಗ್ಗೆ ಹಾಡಿದರೆ ಸಾಕು, ಬದುಕಿರುವ ಊರಿನ ಜೊತೆಗಾದರೆ ಮಾತನಾಡಬೇಕಾಗುತ್ತದೆ, ಅದರ ಕಷ್ಟಕ್ಕೆ ಹೆಗಲು ಕೊಡಬೇಕಾಗುತ್ತದೆ.

"ಅಷ್ಟಕ್ಕೂ ಭಟ್ಕಳದಲ್ಲಿ ನೋಡುವುದಕ್ಕೆ ಏನಿದೆ ಸ್ವಾಮಿ?" ಎನ್ನುವವರಿಗೆ ಉತ್ತರ ಹೇಳೋಣ.

ಅಲ್ಲಿ ಕೇತಪೈ ನಾರಾಯಣ ದೇವಸ್ಥಾನವಿದೆ. ಹದಿನಾರನೇ ಶತಮಾನದಲ್ಲಿ ಕೇತಪೈ ಎಂಬ ಕೊಂಕಣಿ ವ್ಯಾಪಾರಿ ಕಟ್ಟಿಸಿದ್ದು. ರಾಜನಲ್ಲ, ಮಂತ್ರಿಯಲ್ಲ, ಬಂದರಿನ ದುಡಿಮೆಯಲ್ಲಿ ಬದುಕಿದ ಒಬ್ಬ ವರ್ತಕ. ಅದರ ಹೊರಗೋಡೆಯ ಮೇಲೆ ರಾಮಾಯಣದ ಕತೆಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಛಾವಣಿಗೆ, ಮಳೆ ಸುರಿಯುವ ನಾಡಿನ ಮನೆಯ ಮಾಡಿನಂತೆಯೇ, ಇಳಿಜಾರಾಗಿ ಕಲ್ಲಿನ ಹಾಸುಗಳನ್ನು ಹೊದಿಸಿದ್ದಾರೆ. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಇದು ಚಿಕ್ಕದೆನಿಸಬಹುದು. ಆದರೆ ಕರಾವಳಿಯ ಮಳೆಯನ್ನು ಅರ್ಥ ಮಾಡಿಕೊಂಡು ಕಟ್ಟಿದ ಶಿಲ್ಪವನ್ನು ಬೇಲೂರಿನಲ್ಲಿ ಕಾಣಲಾಗದು. ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಊರಿಗೆ ಭಟ್ಕಳ ಎಂಬ ಹೆಸರು ಬಂದದ್ದೇ ಭಟ್ಟಾಕಳಂಕ ಎಂಬ ಜೈನ ವಿದ್ವಾಂಸನಿಂದ ಎಂಬ ಹೇಳಿಕೆಯೂ ಇದೆ. ಇಂದು ಕೇವಲ ಮುಸಲ್ಮಾನರದ್ದೆಂದು ಹೇಳಿ ಹೆದರುವ, ಹೆದರಿಸುವ ಊರಿನ ಹೆಸರಿನಲ್ಲೇ ಒಬ್ಬ ಜೈನ ಪಂಡಿತ ಕೂತಿದ್ದಾನೆ!

ಜಾಮಿಯಾ ಮಸೀದಿ ಇದೆ. ಶಿಖರದ ಚಿನ್ನದ ಕಳಶದಿಂದಾಗಿ ಊರವರು ಅದನ್ನು ಚಿನ್ನದ ಪಳ್ಳಿ ಎನ್ನುತ್ತಾರೆ. ಶರಾಬಿ ಹೊಳೆ ಸಮುದ್ರ ಸೇರುವ ಕಡೆ ಬಂದರಿದೆ. ಹಳೆಯ ಪೇಟೆಯ ಓಣಿಗಳಲ್ಲಿ ನವಾಯತರು ಮಾತನಾಡುವ ನವಾಯತಿ ಕೇಳಿಸಿಕೊಳ್ಳಿ. ಕೊಂಕಣಿಯ ಬೇರು, ಅರಬ್ಬಿ ಪಾರಸಿಯ ಚಿಗುರು, ಬರೆಯುವುದು ಉರ್ದು ಲಿಪಿಯಲ್ಲಿ. ಈ ಭಾಷೆಯಲ್ಲಿ 'ನಕ್ಷೆ ನವಾಯತ್' ಎಂಬ ಪತ್ರಿಕೆ ದಶಕಗಳ ಕಾಲ ಭಟ್ಕಳದಿಂದ ಬಂದಿದೆ. 1919ರಲ್ಲಿ ಶುರುವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಶಾಲೆ ಕಾಲೇಜುಗಳನ್ನು ಕಟ್ಟಿತು. ರಾಜ್ಯದ ಸಚಿವರಾಗಿದ್ದ ಎಸ್.ಎಂ. ಯಾಹ್ಯಾ ಈ ಊರಿನವರು. ಇದೇ ತಾಲೂಕಿನಲ್ಲಿ ನಾಮಧಾರಿಗಳು, ಮೊಗೇರರು, ಖಾರ್ವಿಗಳು, ಕೊಂಕಣಿಗರು ತಲೆಮಾರುಗಳಿಂದ ಮೀನು, ಅಡಿಕೆ, ಮಲ್ಲಿಗೆಯ ಕಸುಬಿನಲ್ಲಿ ಬದುಕಿದ್ದಾರೆ. 'ಭಟ್ಕಳ ಮಲ್ಲಿಗೆ' ಎಂದೇ ಹೆಸರಾದ ಹೂವು ಇದೆಯಲ್ಲ, ಅದು ಬೆಳೆಯುವ ಕೈಗೆ ಒಂದು ಧರ್ಮ, ಮುಡಿಯುವ ತಲೆಗೆ ಇನ್ನೊಂದು ಧರ್ಮ ಇರಬಹುದು. ದಾರ ಒಂದೇ.

ಇನ್ನು ಇತಿಹಾಸ. ವಿಜಯನಗರಕ್ಕೆ ಬೇಕಾದ ಕುದುರೆಗಳು ಅರಬ್ ನಾಡಿನಿಂದ ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮುಖ್ಯವಾದದ್ದು. ಹಂಪಿಯ ವೈಭವಕ್ಕೆ ಕೈ ಮುಗಿಯುವವರು, ಆ ಸೈನ್ಯದ ಕುದುರೆ ಎಲ್ಲಿಂದ ಬಂತು, ಅದನ್ನು ತಂದವರು ಯಾರು ಎಂದು ಕೇಳಿಕೊಳ್ಳಬೇಕು. 1542ರಲ್ಲಿ ಪೋರ್ಚುಗೀಸರು ಈ ಊರಿಗೆ ಬೆಂಕಿ ಇಟ್ಟರು. ಮುಂದೆ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ ಈ ಕರಾವಳಿಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಜೈನ ರಾಣಿ, ಕೊಂಕಣಿ ವರ್ತಕ, ನವಾಯತ ನಾವಿಕ, ಒಳನಾಡಿನ ಮೆಣಸು ಬೆಳೆಗಾರ, ಇವರೆಲ್ಲ ಸೇರಿ ನಡೆಸಿದ ವ್ಯವಹಾರ ಇದು. ಇದೇ ಕತೆಯನ್ನು ನೇಪಲ್ಸಿನ ಗೈಡು ಇಂಗ್ಲಿಷಿನಲ್ಲಿ ಹೇಳಿದರೆ ನಮ್ಮವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಮೆಡಿಟರೇನಿಯನ್ ಮೇಲೆ ಅಷ್ಟೊಂದು ಪ್ರೀತಿ ಇರುವವರಿಗೆ ಇನ್ನೊಂದು ವಿಷಯ ಹೇಳಬೇಕು. ಆ ಸಮುದ್ರದವರು ನಮ್ಮ ಸಮುದ್ರಕ್ಕೆ ಬಂದು ನೆಲೆಸಿದ್ದರು. ಇಂದಿನ ಟುನೀಸಿಯಾದ ದಡದಲ್ಲಿ ಮಹ್ದಿಯಾ ಎಂಬ ಹಳೆಯ ಕೋಟೆಯ ಪಟ್ಟಣವಿದೆ. ಅಲ್ಲಿಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹನ್ನೆರಡನೇ ಶತಮಾನದಲ್ಲಿ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ಹದಿನೇಳು ವರ್ಷದ ಹತ್ತಿರ ಹತ್ತಿರ ಇದ್ದ. ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸಿದ. ಆಶು ಎಂಬ ದಾಸಿಯನ್ನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರ ಸಿಕ್ಕಿದೆ. ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರು ತಿಳಿದಿದ್ದಾರೆ. ಅವನ ವ್ಯಾಪಾರಕ್ಕಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ ಕೆಲಸದಾಳಿನ ಹೆಸರು ಬೊಮ್ಮ ಎಂದು ಅಮಿತಾವ್ ಘೋಷ್ ಗುರುತಿಸಿದ್ದಾರೆ. ಈ ಕಾಗದಗಳೆಲ್ಲ ಉಳಿದದ್ದು ಕೈರೋದ ಹಳೆಯ ಯಹೂದಿ ಮಂದಿರವೊಂದರ ಕೋಣೆಯಲ್ಲಿ. ಒಬ್ಬ ಯಹೂದಿ, ಅವನ ಮುಸಲ್ಮಾನ ಹಡಗಿನವರು, ತುಳುನಾಡಿನ ಬೊಮ್ಮ. ಇವರ ಲೆಕ್ಕದ ಪುಸ್ತಕದಲ್ಲಿ ಧರ್ಮಕ್ಕೆ ಬೇರೆ ಬೇರೆ ಪುಟ ಇರಲಿಲ್ಲ.

ಎರಡು ಶತಮಾನದ ನಂತರ, ಮೆಡಿಟರೇನಿಯನ್ನಿನ ಬಾಗಿಲಿನಲ್ಲಿರುವ ತಂಜಾದಿಂದ 1325ರಲ್ಲಿ ಹೊರಟ ಇಬ್ನ್ ಬತೂತಾ, ಸುತ್ತಾಡಿಕೊಂಡು ನಮ್ಮ ಹೊನ್ನಾವರಕ್ಕೆ ಬಂದ. ಭಟ್ಕಳದಿಂದ ಒಂದು ಗಂಟೆಯ ಹಾದಿ. ಅಲ್ಲಿ ಸುಲ್ತಾನ್ ಜಮಾಲುದ್ದೀನನಿದ್ದ. ಆ ಸುಲ್ತಾನ 'ಹರ್ಯಬ್' ಎಂಬ ಹಿಂದೂ ರಾಜನಿಗೆ ಅಧೀನನಾಗಿದ್ದ ಎಂದು ಬತೂತಾ ಹೇಳುತ್ತಾನೆ. ಆ ಹರ್ಯಬ್ ವಿಜಯನಗರದ ಹರಿಹರನೆಂದು ಇತಿಹಾಸಕಾರರು ಹೇಳುತ್ತಾರೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆಗಳನ್ನೂ ಹುಡುಗರಿಗೆ 23 ಶಾಲೆಗಳನ್ನೂ ತಾನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಆತ ದಾಖಲಿಸಿದ್ದಾನೆ. ಅರ್ಧ ಜಗತ್ತು ಸುತ್ತಿದವನ ಮಾತು ಇದು! ಅದೇ ಕರಾವಳಿಯ ಉಡುಪಿ, ಕುಂದಾಪುರಗಳಲ್ಲಿ 2022ರಲ್ಲಿ ತಲೆಯ ಮೇಲಿನ ಬಟ್ಟೆಯ ಕಾರಣಕ್ಕೆ ಹುಡುಗಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಅದೇ ವರ್ಷ ಕಾಪುವಿನ ಮಾರಿಪೂಜೆಯಲ್ಲಿ ಮುಸಲ್ಮಾನರ ಅಂಗಡಿಗಳಿಗೆ ಜಾಗವಿಲ್ಲವೆಂದದ್ದನ್ನೂ ಓದಿದೆವು. ಬತೂತಾ ಮತ್ತೆ ಬಂದರೆ ಏನು ಬರೆಯುತ್ತಾನೆ?

ನಮ್ಮ ಕನ್ನಡಾಭಿಮಾನಿಗಳು ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆ ಎಂದು ನೂರು ವರ್ಷದಿಂದ ಹೆಮ್ಮೆ ಪಡುತ್ತಿದ್ದಾರೆ. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅಂಥವರು ಅದರ ಬಗ್ಗೆ ಬರೆದರು; ಒಪ್ಪದ ವಿದ್ವಾಂಸರೂ ಇದ್ದಾರೆ. ಇರಲಿ, ಹೆಮ್ಮೆ ಪಡೋಣ. ಆದರೆ ಮೆಡಿಟರೇನಿಯನ್ ಕಡೆಗೆ ಹೋದ ನಾಲ್ಕು ಕನ್ನಡ ಮಾತುಗಳಿಗೆ ಇಷ್ಟು ಮರ್ಯಾದೆ ಕೊಡುವವರು, ಅದೇ ಸಮುದ್ರಮಾರ್ಗವಾಗಿ ಇಲ್ಲಿಗೆ ಬಂದು, ನಮ್ಮ ಅನ್ನ ಉಂಡು, ಇಲ್ಲಿಯ ಮಾತಾಡಿ, ಇಲ್ಲಿಯ ಮಣ್ಣಾದವರ ಮೊಮ್ಮಕ್ಕಳಿಗೆ ಏನು ಕೊಡುತ್ತಿದ್ದಾರೆ? 2022ರಲ್ಲಿ ಭಟ್ಕಳದ ಪುರಸಭೆ ಕಟ್ಟಡದ ಮೇಲೆ ಕನ್ನಡ, ಇಂಗ್ಲಿಷಿನ ಜೊತೆ ಉರ್ದುವಿನಲ್ಲೂ ಹೆಸರಿತ್ತೆಂದು ಗಲಾಟೆಯಾಯಿತು. ಉರ್ದು ಅಕ್ಷರಗಳನ್ನು ತೆಗೆಸಿದರು. ಕನ್ನಡ ಮೇಲಿರಲಿ, ದೊಡ್ಡದಾಗಿರಲಿ, ಅದರಲ್ಲಿ ಎರಡು ಮಾತಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು ಇರುವ ಪೇಟೆಯಲ್ಲಿ ಬದುಕುವ ನಮಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಕೆಳಗಿದ್ದ ಒಂದು ಸಾಲಿನಿಂದ ಕನ್ನಡಕ್ಕೆ ಯಾವ ಕುತ್ತು ಬರುತ್ತಿತ್ತು? ಊರಿನ ನೆನಪಿಗೆ ಮಾತ್ರ ಕುತ್ತು ಬಂತು.

ಈಗ ಅಸಲು ಮಾತಿಗೆ ಬರೋಣ. ಭಟ್ಕಳ ಎಂದರೆ ಭಯ. ಈ ಭಯ ಎಲ್ಲಿಂದ ಬಂತು?

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ 2013ರ ಫೆಬ್ರವರಿಯಲ್ಲಿ ಬಾಂಬ್ ಸಿಡಿದು ಅಮಾಯಕರು ಸತ್ತರು. ಆ ಪ್ರಕರಣದಲ್ಲಿ ಐವರಿಗೆ 2016ರಲ್ಲಿ ವಿಶೇಷ ನ್ಯಾಯಾಲಯ ಮರಣದಂಡನೆ ವಿಧಿಸಿತು, 2025ರಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತಪ್ಪಿತಸ್ಥರ ಪರವಾಗಿ ನಮ್ಮದು ಒಂದಕ್ಷರವೂ ಇಲ್ಲ. ಒಬ್ಬ ಅಮಾಯಕನ ಕೊಲೆ ಇಡೀ ಮನುಕುಲದ ಕೊಲೆಗೆ ಸಮ ಎಂದು ನಂಬಿದವರು ನಾವು. ಆದರೆ ಒಂದು ಸಂಗತಿ ಗಮನಿಸಿ. ಆ ಐವರೂ ಬೇರೆ ಬೇರೆ ಊರಿನವರು. ಉಳಿದ ನಾಲ್ವರ ಹೆಸರಿಗೆ ಅವರವರ ಊರು ಅಂಟಿಕೊಳ್ಳಲಿಲ್ಲ. ಒಬ್ಬನಿಗೆ ಮಾತ್ರ, ಮನೆತನದ ಹೆಸರು ಬೇರೆ ಇದ್ದರೂ, ಪತ್ರಿಕೆ ಟೀವಿಗಳಲ್ಲಿ 'ಭಟ್ಕಳ' ಎಂಬುದೇ ಹೆಸರಾಯಿತು. ಅವನಿಗೆ ಅಂಟಿದ್ದು ಅವನೊಂದಿಗೆ ನಿಲ್ಲಲಿಲ್ಲ. ಓದಲು, ಕೆಲಸ ಹುಡುಕಲು ಬೆಂಗಳೂರಿಗೆ ಬರುವ ಹುಡುಗನ ಆಧಾರ್ ಕಾರ್ಡಿಗೂ ಅಂಟಿತು. ಅದೇ ಊರಿನ ಹೆಸರು ಬಿರಿಯಾನಿಯ ಹಿಂದೆ ಬಂದರೆ ನಮ್ಮ ನಗರದ ಬಾಯಲ್ಲಿ ನೀರೂರುತ್ತದೆ. ಬಾಡಿಗೆ ಮನೆ ಕೇಳಲು ಬಂದ ಹುಡುಗನ ವಿಳಾಸದಲ್ಲಿ ಬಂದರೆ, ಮನೆ ಇದ್ದಕ್ಕಿದ್ದಂತೆ ಖಾಲಿ ಇರುವುದಿಲ್ಲ!

ಗಲಭೆಗಳ ಮಾತೂ ಬರುತ್ತದೆ. ಹೌದು, 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಉರಿಯಿತು, ಜೀವಗಳು ಹೋದವು, ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತು. 1996ರಲ್ಲಿ ಶಾಸಕ ಡಾ. ಚಿತ್ತರಂಜನ್ ಅವರ ಕೊಲೆಯಾಯಿತು. ಆ ಗಾಯ ಎರಡೂ ಕಡೆ ಇದೆ, ಮುಚ್ಚಿಡುವುದು ಬೇಡ. ಆದರೆ ರಕ್ತ ಬಿದ್ದ ಊರಿಗೆ ಹೋಗಬಾರದೆಂಬುದು ನಮ್ಮ ನಿಯಮವೇ? ಬಾರ್ಸಿಲೋನಾದ ಮುಖ್ಯ ಬೀದಿಯಲ್ಲಿ 2017ರಲ್ಲಿ ಉಗ್ರರು ಜನರ ಮೇಲೆ ವ್ಯಾನು ಹರಿಸಿದರು. ಇಸ್ತಾಂಬುಲಿನ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಆತ್ಮಾಹುತಿ ದಾಳಿ ನಡೆಯಿತು. ಪ್ರವಾಸಿಗರು ನಿಂತರೇ? ಅಷ್ಟು ದೂರ ಯಾಕೆ, ನಮ್ಮ ಮಲ್ಲೇಶ್ವರದಲ್ಲೇ 2013ರ ಏಪ್ರಿಲ್ 17ರಂದು ಬಾಂಬ್ ಸಿಡಿಯಿತು. ಎಂಟನೇ ಕ್ರಾಸಿನಲ್ಲಿ ಹೂವು ಹಣ್ಣು ಕೊಳ್ಳುವುದನ್ನು ಯಾರಾದರೂ ಬಿಟ್ಟರೇ? ಬಿಡಬಾರದು, ಬಿಡಲಿಲ್ಲ, ಅದೇ ಸರಿ. ಊರು ತನ್ನ ಮೇಲೆ ನಡೆದ ಪಾಪಕ್ಕಿಂತ ದೊಡ್ಡದು ಎಂಬ ನ್ಯಾಯ ಮಲ್ಲೇಶ್ವರಕ್ಕೆ ಸಿಕ್ಕಿತು, ಬಾರ್ಸಿಲೋನಾಕ್ಕೆ ಸಿಕ್ಕಿತು. ಭಟ್ಕಳಕ್ಕೆ ಯಾಕೆ ಸಿಗಬಾರದು?

ಊರೊಂದನ್ನು ಬರೀ ಸುದ್ದಿಯ ಹೆಸರು ಮಾಡುವುದರಲ್ಲಿ ಅಪಾಯವಿದೆ. ಮೆಡಿಟರೇನಿಯನ್ ದಡದಲ್ಲೇ ಅದರ ಪಾಠವಿದೆ. ಗಾಝಾ ಕೂಡ ಒಂದು ಪುರಾತನ ಸಮುದ್ರತೀರದ ಪಟ್ಟಣ. ಅರಬ್ ನಾಡಿನ ಲೋಬಾನ ಒಂಟೆಗಳ ಮೇಲೆ ಬಂದು, ಅಲ್ಲಿಂದ ಹಡಗೇರಿ ಯೂರೋಪಿಗೆ ಹೋಗುತ್ತಿತ್ತು. ಶತಮಾನಗಳ ಹಳೆಯ ಉಮರಿ ಮಸೀದಿ ಅಲ್ಲಿತ್ತು, ಸಂತ ಪೋರ್ಫೀರಿಯಸನ ಪ್ರಾಚೀನ ಚರ್ಚು ಇದೆ. ಆದರೆ ಜಗತ್ತು ದಶಕಗಳ ಕಾಲ ಅದನ್ನು ಊರೆಂದು ನೋಡಲಿಲ್ಲ, ಸಮಸ್ಯೆ ಎಂದು ನೋಡಿತು. 2023ರ ಅಕ್ಟೋಬರಿನಲ್ಲಿ ಆ ಚರ್ಚಿನ ಆವರಣಕ್ಕೆ ಬಾಂಬ್ ಬಿತ್ತು, ಡಿಸೆಂಬರಿನಲ್ಲಿ ಆ ಮಸೀದಿ ನೆಲಕ್ಕುರುಳಿತು. ಆಗ ಮಾತ್ರ ಅಲ್ಲೊಂದು ಮಸೀದಿ ಇತ್ತೆಂದು ಎಷ್ಟೋ ಜನರಿಗೆ ಗೊತ್ತಾದದ್ದು. ಭಟ್ಕಳ ಗಾಝಾ ಅಲ್ಲ, ಆಗುವುದೂ ಬೇಡ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನಮಗಿಲ್ಲ. ಆದರೆ ಕ್ರಮ ಒಂದೇ. ಮೊದಲು ಊರಿನ ಮುಖ ಅಳಿಸುತ್ತಾರೆ, ಹೆಸರು ಮಾತ್ರ ಉಳಿಸುತ್ತಾರೆ. ಮುಖವಿಲ್ಲದ ಹೆಸರಿನ ಮೇಲೆ ಯಾರು ಏನು ಎಸೆದರೂ ಕೇಳುವವರಿರುವುದಿಲ್ಲ.

ಭಟ್ಕಳದವರಿಗೂ ಎರಡು ಮಾತು ಹೇಳದಿದ್ದರೆ ಈ ಲೇಖನ ಪಕ್ಷಪಾತವಾದೀತು. ಅಪಮಾನವಾದಾಗ ಬಾಗಿಲು ಹಾಕಿಕೊಳ್ಳುವುದು ಸಹಜ. ಆದರೆ ಹಾಕಿದ ಬಾಗಿಲು ವದಂತಿಗೆ ಗೊಬ್ಬರ. ದುಬೈ, ಸೌದಿಯ ದುಡಿಮೆಯಿಂದ ಮನೆ ಕಟ್ಟುವವರು ಅಜ್ಜನ ಕಾಲದ ಹೆಂಚಿನ ಮನೆಯನ್ನು ಪೂರ್ತಿ ಕೆಡವಿ ಕಾಂಕ್ರೀಟ್ ಸುರಿಯುವ ಮೊದಲು ಒಂದು ಗಳಿಗೆ ಯೋಚಿಸಲಿ. ಅಂಜುಮನ್ ಶಾಲೆಗಳ ಮಕ್ಕಳನ್ನು ಮೇಷ್ಟ್ರು ಒಂದು ದಿನ ಕೇತಪೈ ದೇವಸ್ಥಾನದ ಹೊರಗೋಡೆಯ ಮುಂದೆ ನಿಲ್ಲಿಸಿ, ಇದು ನಿಮ್ಮ ಊರಿನ ವರ್ತಕ ಕಟ್ಟಿಸಿದ್ದು, ಇದೂ ನಿಮ್ಮದೇ ಎಂದು ಹೇಳಲಿ. ಸರ್ಕಾರಿ ಶಾಲೆಯ ಮಕ್ಕಳು ಚಿನ್ನದ ಪಳ್ಳಿಯ ಅಂಗಳಕ್ಕೆ ಬಂದು ನೀರು ಕುಡಿದು ಹೋಗಲಿ. ನವಾಯತಿಯ ಹಾಡು, ಗಾದೆ, ಅಜ್ಜಿ ಕತೆಗಳು ಕನ್ನಡ ಲಿಪಿಯಲ್ಲೂ ಅಚ್ಚಾಗಲಿ. ಬಾಗಿಲು ಒಳಗಿನಿಂದಲೂ ತೆರೆಯಬೇಕು.

ಪ್ರವಾಸೋದ್ಯಮದವರಿಗೆ ಹೇಳುವುದು ಇಷ್ಟೇ. ಕರಾವಳಿ ಎಂದರೆ ದೇವಸ್ಥಾನ ಮತ್ತು ಬೀಚು ಎಂಬ ಎರಡೇ ಮಾತಿನ ಜಾಹೀರಾತು ಸಾಕು. ಕೇತಪೈ ಗುಡಿ, ಬಸದಿ, ಪಳ್ಳಿ, ಬಂದರು ಇಷ್ಟನ್ನೂ ಕಾಣಿಸುವ ಒಂದು ಅರ್ಧ ದಿನದ ನಡಿಗೆಗೆ ಕೋಟಿ ರೂಪಾಯಿ ಯೋಜನೆ ಬೇಕಾಗಿಲ್ಲ. ಕನ್ನಡದಲ್ಲಿ ನಾಲ್ಕು ಫಲಕ, ಊರಿನ ಕತೆ ಗೊತ್ತಿರುವ ನಾಲ್ಕು ಹುಡುಗ ಹುಡುಗಿಯರು ಸಾಕು. ಆ ನಾಲ್ವರಲ್ಲಿ ಒಬ್ಬ ನಾಮಧಾರಿ, ಒಬ್ಬಳು ನವಾಯತಿ, ಒಬ್ಬ ಕೊಂಕಣಿಗ, ಒಬ್ಬಳು ಮೊಗೇರಳು ಇದ್ದರೆ, ಯಾವ ಶಾಂತಿ ಸಭೆಗಿಂತಲೂ ಹೆಚ್ಚಿನ ಕೆಲಸ ಅಲ್ಲಿ ಆಗುತ್ತದೆ.

ಇನ್ನು ಓದುಗರು. ಬೆಂಗಳೂರಿನಿಂದ ಮುರ್ಡೇಶ್ವರಕ್ಕೆ ಹೋಗುವ ರೈಲು ಭಟ್ಕಳ ದಾಟಿಯೇ ಹೋಗುತ್ತದೆ. ಮುರ್ಡೇಶ್ವರಕ್ಕೆ ಹೋಗುವವರು ಖಂಡಿತ ಹೋಗಿ. ಶಿವನ ದರ್ಶನ ಮಾಡಿ. ಆದರೆ ಒಂದು ನಿಲ್ದಾಣ ಮೊದಲೇ ಇಳಿದು ಅರ್ಧ ದಿನ ಕಳೆಯಿರಿ. ನಮ್ಮ ಮೊಹಲ್ಲಾದವರೂ ಅಷ್ಟೇ. ಇಸ್ತಾಂಬುಲಿನ ಟಿಕೇಟಿಗೆ ದುಡ್ಡು ಕೂಡಿಡುವ ಜೊತೆಗೆ ಮಕ್ಕಳನ್ನು ಕರೆದುಕೊಂಡು ಭಟ್ಕಳಕ್ಕೆ ಹೋಗಿ. ಚಿನ್ನದ ಪಳ್ಳಿಯಲ್ಲಿ ಜೊಹರ್ ನಮಾಜು ಮುಗಿಸಿ, ಬಸದಿಯನ್ನೂ ಗುಡಿಯನ್ನೂ ನೋಡಿ, ಸಂಜೆ ಬಂದರಿನಲ್ಲಿ ಮೀನಿನ ದೋಣಿಗಳು ಬರುವುದನ್ನು ನೋಡಿ. ವಾಪಸು ಬಂದ ಮೇಲೆ ಯಾರಾದರೂ ದನಿ ತಗ್ಗಿಸಿ "ಭಟ್ಕಳವಾ?" ಎಂದರೆ, ದನಿ ಎತ್ತಿಯೇ ಹೇಳಿ, ನಾವು ಹೋಗಿದ್ದೆವು, ಅದು ಒಂದು ಊರು ಎಂದು.